ತಲೆಕೆಳಗಾಗಿ ನೇತುಹಾಕಿದ ದೂರು

ಆ ದಿನ ಬೆಳಗ್ಗೆ ಮಳೆ ಬರಲೂ ಇಲ್ಲ, ಬಾರದೆ ಇರಲೂ ಇಲ್ಲ. ಯಾರೋ ಮೇಜು ಒರೆಸಿ ಹಿಂಡದೆ ಬಿಟ್ಟ ಬಟ್ಟೆಯಂತೆ ಆಕಾಶ ಊರಿನ ಮೇಲೆ ಜೋತುಬಿದ್ದಿತ್ತು. ಒಗೆದು ಹರವಿದ ಅಂಗಿ ಒಣಗುವ ಬದಲು ಇನ್ನಷ್ಟು ಒದ್ದೆಯಾಗುತ್ತಿತ್ತು. ಡಬ್ಬಿಯೊಳಗೆ ಉಪ್ಪು ಬೆವೆತಿತ್ತು. ಬಾಗಿಲ ಹಿಡಿ ಮುಟ್ಟಿದರೆ ಬೇರೊಬ್ಬರ ಅಂಗೈ ಮುಟ್ಟಿದ ಹಾಗಾಗುತ್ತಿತ್ತು. ಇಂಥ ಹವೆಯಲ್ಲಿ ದೇವರ ಸೃಷ್ಟಿಯೊಳಗೆ ಸುಖಪಡುವುದು ಕಪ್ಪೆ, ಕಪ್ಪೆ ಬಿಟ್ಟರೆ ಬೂಷ್ಟು.

ಛೀ ಸಾಹೇಬರು ಕೈ ತೊಳೆದರು. ನಲ್ಲಿ ನಿಲ್ಲಿಸಲು ತಿರುಪನ್ನು ಮುಟ್ಟಬೇಕಾಯಿತಲ್ಲ, ಆದ್ದರಿಂದ ಮತ್ತೆ ತೊಳೆದರು.

ಆ ಹೆಸರು ಅವರಿಗೆ ಕೆಲಸದಿಂದ ಬಂದದ್ದು. ಊರಿನ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಅಧಿಕಾರಿಯಾಗಿ ಅವರು ತಲೆ ನರೆಯುವವರೆಗೂ ದುಡಿದಿದ್ದರು. ಪಾತ್ರೆಯ ಮುಚ್ಚಳ ಎತ್ತಿ, ಬಗ್ಗಿ ನೋಡಿ ‘ಛೀ’ ಎಂದರೆ ಎಚ್ಚರಿಕೆ. ‘ಛೀ ಛೀ’ ಎಂದರೆ ನೋಟೀಸು. ‘ಥೂ’ ಎಂದರೆ ಬಾಗಿಲಿಗೆ ಬೀಗ. ನಿವೃತ್ತಿಯಾಗಿ ಅಧಿಕಾರ ಹೋಯಿತು, ಛೀ ಹೋಗಲಿಲ್ಲ. ಹಗ್ಗ ಸುಟ್ಟರೂ ಹುರಿ ಬಿಡದು ಎನ್ನುತ್ತಾರಲ್ಲ, ಹಾಗೆ. ನೆಂಟರ ಮನೆಯಲ್ಲಿ ಅವರು ನೀರು ಮುಟ್ಟುತ್ತಿರಲಿಲ್ಲ. ಮಗಳ ಮನೆಗೇ ಒಮ್ಮೆ ಜೇಬಿನಲ್ಲಿ ಸ್ವಂತ ಚಮಚ ಇಟ್ಟುಕೊಂಡು ಹೋಗಿದ್ದರು. ಅಳಿಯ ಅದನ್ನು ನೋಡಿದ. ಅಂದಿನಿಂದ ಮಗಳೇ ಇವರ ಮನೆಗೆ ಬರುತ್ತಾಳೆ, ಇವರನ್ನು ಕರೆಯುವುದಿಲ್ಲ.

“ನೀವು ನನ್ನನ್ನಲ್ಲ, ಸೋಪನ್ನ ಮದುವೆ ಆಗ್ಬೇಕಿತ್ತು ಕಣ್ರೀ,” ಎಂದು ಹೆಂಡತಿ ಆಗಾಗ ಹೇಳುವುದುಂಟು. “ಅದಾದ್ರೆ ಸವೆದು ಮುಗೀತಿತ್ತು. ನಾನು ಮುಗೀದೆ ಉಳ್ಕೊಂಡೆ.”

ಅವರ ಮನೆ ಮಹಡಿಯ ಮೇಲೆ. ಕೆಳಗೆ ಸೌಟಕ್ಕನ ಹೋಟೆಲು. ಈ ಸೌಟಕ್ಕನಿಗೆ ತಾಯಿಯಿಂದ ಬಂದ ಒಂದು ಮರದ ಸೌಟಿತ್ತು, ತೋಳುದ್ದದ್ದು. ಅದರಲ್ಲಿ ಬೇಳೆ ಕದಡುತ್ತಿದ್ದಳು, ಅದನ್ನೇ ಎತ್ತಿ ಗಿರಾಕಿಗೆ ಜಾಗ ತೋರಿಸುತ್ತಿದ್ದಳು, ಅದರಲ್ಲೇ ಬೆಕ್ಕು ಓಡಿಸುತ್ತಿದ್ದಳು. ಹೆಸರು ಹಾಗೆ ಬಂತು. ಸಾಹೇಬರು ಕೆಲಸದಲ್ಲಿದ್ದಾಗ ಒಮ್ಮೆ ತಪಾಸಣೆಗೆ ಬಂದು, ಆ ಸೌಟಿನ ಬಿರುಕಿನಲ್ಲಿ ಕಪ್ಪು ಹಸಿರು ಕಂಡು, ಅದನ್ನು ಜಪ್ತಿ ಮಾಡಿದರು. “ಮರ ಅಂದ್ರೆ ಕೊಳೆಗೆ ತವರುಮನೆ,” ಎಂದರು. ಸೌಟಕ್ಕ ಬಾಯಿ ಬಿಟ್ಟು ಬೇಡಿದಳು. “ನಮ್ಮಮ್ಮನ ಕೈ ಅದು ಸಾಹೇಬ್ರೇ. ಬಿಸಿನೀರಲ್ಲಿ ಕುದಿಸ್ತೀನಿ, ಬಿಸಿಲಿಗಿಡ್ತೀನಿ, ಕೊಟ್ಬಿಡಿ.” ಕೊಡಲಿಲ್ಲ. ಸೌಟು ಹೋಯಿತು, ಹೆಸರು ಉಳಿಯಿತು. ಸ್ಟೀಲಿನದು ಕೊಂಡಳು, ಆದರೆ ಅದನ್ನೆತ್ತಿ ಯಾರನ್ನೂ ಕರೆಯಲಿಲ್ಲ.

ಜಪ್ತಿಯಾದ ವಸ್ತುವನ್ನು ಸುಡಬೇಕೆಂಬುದು ನಿಯಮ. ಸಾಹೇಬರು ಸುಡಲಿಲ್ಲ. ಯಾಕೆ ಸುಡಲಿಲ್ಲವೆಂದು ಅವರಿಗೇ ತಿಳಿಯದು. ನಿವೃತ್ತಿಯ ದಿನ ಅದು ಮೊಹರು ಹಾಕಿದ ಪ್ಲಾಸ್ಟಿಕ್ ಚೀಲದೊಳಗೆ ಅವರ ಜೊತೆಯಲ್ಲೇ ಮನೆಗೆ ಬಂತು. ಒಮ್ಮೊಮ್ಮೆ ಬೀರುವಿನಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಆ ಬಿರುಕನ್ನೇ ನೋಡುತ್ತ ನಿಲ್ಲುತ್ತಿದ್ದರು. ಆಮೇಲೆ ‘ಥೂ’ ಎಂದು ಒಳಗಿಡುತ್ತಿದ್ದರು.

“ಬೈಯೋದಕ್ಕೆ ಅಂತಾನೇ ಒಂದು ಸೌಟು ಸಾಕಿದ್ದೀರಲ್ಲ,” ಎನ್ನುತ್ತಿದ್ದಳು ಹೆಂಡತಿ. “ನನಗೆ ಸ್ವಲ್ಪ ಬಿಡುವಾಯ್ತು, ಇರಲಿ.”

ಆ ಬೆಳಗ್ಗೆ ಸಾಹೇಬರು ನೀರಿನ ಮೋಟಾರು ಹಾಕಲು ಕೆಳಗಿಳಿದು ಹಿಂದಿನ ಓಣಿಗೆ ಹೋದರು. ಸೌಟಕ್ಕನ ಉಗ್ರಾಣದ ಕಿಟಕಿ ಆ ಓಣಿಗೆ ತೆರೆಯುತ್ತದೆ. ಯಾವಾಗಲೂ ಮುಚ್ಚಿರುತ್ತಿದ್ದದ್ದು ಅಂದು ಸೆಕೆಗೆ ತೆರೆದಿತ್ತು. ಹಳೆಯ ಅಭ್ಯಾಸ, ಬಗ್ಗಿ ನೋಡಿದರು.

ಎದುರು ಗೋಡೆ ತುಂಬ ಬೂಷ್ಟು. ಮೇಲಿನ ಮೂಲೆಯಿಂದ ಆಳೆತ್ತರಕ್ಕೆ ಇಳಿದು ಹರಡಿತ್ತು. ಅಂಚಿನಲ್ಲಿ ಬಿಳಿ ತುಪ್ಪಳ, ಅದರೊಳಗೆ ಬೂದಿ, ಅದರೊಳಗೆ ಹಸಿರು. ನಡುವೆ ಹಣ್ಣಾದ ಹುಣ್ಣಿನ ಹಳದಿ. ಗಾರೆ ಉಬ್ಬಿ ಗುಳ್ಳೆಯೆದ್ದಿತ್ತು. ಒಂದು ಗುಳ್ಳೆ ಒಡೆದು, ಅದರ ಬಾಯಲ್ಲಿ ಕಂದು ನೀರು ಕಣ್ಣೀರಿನಂತೆ ತಡೆದು ನಿಂತಿತ್ತು. ಅದರ ಕೆಳಗೇ ಅಕ್ಕಿಯ ಮೂಟೆಗಳು.

ಸಾಹೇಬರು “ಥೂ!” ಎಂದರು. ಮೂಗು ಮುಚ್ಚಿಕೊಂಡರು, ಕಣ್ಣು ಮಾತ್ರ ಮುಚ್ಚಲಿಲ್ಲ.

ಇದಕ್ಕೆ ಬೀಗ ಬೀಳಲೇಬೇಕು. ಅಧಿಕಾರವಿಲ್ಲದಿದ್ದರೆ ಏನು, ದೂರು ಕೊಡಬಹುದಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದರು. ಬರೀ ಮಬ್ಬು ನೆರಳು ಬಂತು. ಇದನ್ನು ಕಳಿಸಿದರೆ ಕಚೇರಿಯವರು ‘ಮೋಡ ಸಾರ್’ ಎಂದಾರು. ಸಾಹೇಬರು ಯೋಚಿಸಿದರು. ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದ ನೀರುಬಣ್ಣದ ಪೆಟ್ಟಿಗೆ ಮೇಲಿತ್ತು. ಅದನ್ನು ತಂದು, ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕಾಗದ ಹಾಸಿಕೊಂಡು ಕೂತು, ಇದ್ದದ್ದನ್ನು ಇದ್ದ ಹಾಗೆ ದಾಖಲಿಸತೊಡಗಿದರು. ಚಿತ್ರ ಬರೆಯುತ್ತಿದ್ದೇನೆಂದು ಅವರು ತಿಳಿಯಲಿಲ್ಲ. ಸಾಕ್ಷಿ ತಯಾರಿಸುತ್ತಿದ್ದೇನೆಂದೇ ತಿಳಿದರು.

ಮೊದಲು ಹಸಿರು ಹಚ್ಚಿದರು. ಸುಳ್ಳು. ಅದು ಎಲೆಯ ಹಸಿರು, ನಗುವ ಹಸಿರು. ಈ ಹಸಿರಿಗೆ ನಗುವಿಲ್ಲ. ಕಪ್ಪು ಬೆರೆಸಿದರು, ಸತ್ತುಹೋಯಿತು. ಕೆಂಪು ಒಂದು ತೊಟ್ಟು ಬಿಟ್ಟರು. ಆಗ ಕಾಗದದ ಮೇಲೆ ಏನೋ ಕೊಳೆಯಿತು. ಸಾಹೇಬರಿಗೆ ವಾಕರಿಕೆ ಬಂತು. ಸರಿಯಾಗಿದೆ ಎಂದು ಅದರಿಂದಲೇ ತಿಳಿಯಿತು.

ಅಕ್ಕಿ ತೆಗೆಯಲು ಬಂದ ಸೌಟಕ್ಕ ಕಿಟಕಿಯಲ್ಲಿ ಅವರ ಮುಖ ಕಂಡು ಬೆಚ್ಚಿದಳು. “ಅಯ್ಯೋ! ಏನ್ ಸಾಹೇಬ್ರೇ, ನನ್ನ ಗೋಡೆಗೆ ಜಾತಕ ಬರೀತಿದ್ದೀರಾ?”

“ನಿನ್ನ ಹೋಟೆಲಿಗೆ ಬರೀತಿದ್ದೀನಿ. ಆಯಸ್ಸು ಮುಗಿದಿದೆ ಅಂತ.”

“ಮೇಲಿಂದ ನೀರು ಇಳೀತಿದೆ ಅಂತ ನಿಮ್ಮ ಮನೆ ಅಮ್ಮಾವ್ರಿಗೆ ಹೇಳೀ ಹೇಳೀ ಬಾಯಿ ನೋವು ಬಂತು. ಎಷ್ಟು ಸಲ ಕೆರೆದು ಸುಣ್ಣ ಹೊಡೀಲಿ? ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ.”

“ಮೇಲಿಂದ!” ಸಾಹೇಬರು ಕುಂಚ ಎತ್ತಿ ತೋರಿಸಿದರು. “ನಾನು ನೋಡದ ಹೋಟೆಲಿಲ್ಲ, ಈ ಮಾತು ಹೇಳದ ಹೋಟೆಲಿನವನಿಲ್ಲ. ಕೊಳಕು ಯಾವತ್ತೂ ಮೇಲಿನವರದ್ದೇ, ಅಲ್ವಾ?”

ಸೌಟಕ್ಕ ಒಳಗೆ ತಿರುಗಿ ಗಿರಾಕಿಗಳಿಗೆ ಕೇಳುವಂತೆ ಕೂಗಿದಳು: “ಕೈ ತೊಳ್ಕೊಂಡು ಬೆನ್ನು ಹತ್ತೋದು ಅಂತ ಕೇಳಿದ್ದೆ. ಇವತ್ತು ಕಣ್ಣಾರೆ ಕಂಡೆ!” ಒಳಗೆ ನಗೆಯೆದ್ದಿತು. ಆದರೆ ಅಕ್ಕಿ ಅಳೆಯುವಾಗ ಅವಳು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಅಳೆದದ್ದು ಸಾಹೇಬರಿಗೆ ಕಂಡಿತು. ಬೀಗ ಬಿದ್ದರೆ ಅವಳಿಗೆ ಬೇರೆ ಹೊಟ್ಟೆಪಾಡಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನವೂ ಸಾಹೇಬರು ಓಣಿಗೆ ಹೋದರು. ಅದರ ಮರುದಿನವೂ. ಹಚ್ಚಿದ ಬಣ್ಣ ಒಣಗಿದ ಮೇಲೆ ಬೇರೆಯಾಗಿ ಕಾಣುತ್ತಿತ್ತು, ಮತ್ತೆ ಹಚ್ಚಬೇಕಾಗುತ್ತಿತ್ತು. ಅಷ್ಟರಲ್ಲಿ ಬೂಷ್ಟೂ ಬೆಳೆದಿರುತ್ತಿತ್ತು. ನೋಡುತ್ತ ಹೋದಷ್ಟೂ ಹೇಸಿಗೆ ಹೆಚ್ಚಿತು, ಹೇಸಿಗೆ ಹೆಚ್ಚಿದಷ್ಟೂ ಹತ್ತಿರ ಹೋಗಬೇಕೆನಿಸಿತು. ಆ ತುಪ್ಪಳದ ಒಂದೊಂದು ಎಳೆಯ ತಲೆಯ ಮೇಲೂ ಸಾಸಿವೆಗಿಂತ ಸಣ್ಣ ಕರಿ ಗುಂಡು. ನವಿಲಿಗೆ ಗರಿ ಇಟ್ಟ ಕೈಯೇ ಇದಕ್ಕೆ ತಲೆ ಇಟ್ಟಿರಬೇಕು. ಅದೇ ಶ್ರದ್ಧೆ, ಒಂದಿಷ್ಟೂ ಕಡಿಮೆಯಿಲ್ಲ. ಎಷ್ಟು ಅಸಹ್ಯ, ಎಂದುಕೊಂಡರು ಸಾಹೇಬರು, ಇಷ್ಟು ಅಸಹ್ಯವನ್ನು ಯಾರಾದರೂ ಇಷ್ಟು ತಾಳ್ಮೆಯಿಂದ ಮಾಡುತ್ತಾರೆಯೆ?

ಒಂದು ಮಧ್ಯಾಹ್ನ ಅವರು ಮೇಲೆ ಬಂದು ನೇರ ಊಟಕ್ಕೆ ಕೂತರು. ಅನ್ನ ಕಲಸಿದರು. ತುತ್ತು ಬಾಯಿಗೆ ಹೋಗುವಾಗ ಹೆಂಡತಿ ಬಡಿಸುವುದನ್ನು ನಿಲ್ಲಿಸಿ ಅವರ ಉಗುರು ನೋಡಿದಳು. ಉಗುರಿನ ಸಂದಿಯಲ್ಲಿ ಹಸಿರು.

“ಏನ್ರೀ, ಹುಷಾರಾಗಿದ್ದೀರಾ?”

“ಯಾಕೆ?”

“ಕೈ ತೊಳೆದಿಲ್ಲ ನೀವು.”

ಸಾಹೇಬರು ಕೈ ನೋಡಿಕೊಂಡರು. ಹಾವು ಕಂಡವರಂತೆ ಎದ್ದು ಬಚ್ಚಲಿಗೆ ಓಡಿದರು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಹೆಂಡತಿ ತಟ್ಟೆಯ ಮುಂದೆ ಒಬ್ಬಳೇ ಕೂತು, ಏನೋ ಹೊಸದು ಮನೆಯೊಳಗೆ ಬಂದಿದೆ ಎಂದುಕೊಂಡಳು. ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ.

ಗೋಡೆ ಕಾಗದಕ್ಕಿಳಿದು ಮುಗಿದ ದಿನ ಸಾಹೇಬರು ಅದರ ಹಿಂಬದಿಗೆ ದೂರಿನ ಹಾಳೆ ಅಂಟಿಸಿ ಹಳೆಯ ಕಚೇರಿಗೆ ಕಳಿಸಿದರು. ಉತ್ತರವಿಲ್ಲ. ಕಾದು ಕಾದು, ಒಂದು ದಿನ ತಾವೇ ಹೋದರು.

ಈಗಿನ ಅಧಿಕಾರಿ ಹಿಂದೆ ಅವರ ಕೈಕೆಳಗೆ ಕಲಿತವನು. “ಬನ್ನಿ ಸಾರ್, ಬನ್ನಿ! ನಿಮ್ಮಿಂದ ಈ ಕೋಣೆಗೆ ಕಳೆ ಬಂತು ನೋಡಿ,” ಎಂದು ಗೋಡೆ ತೋರಿಸಿದ.

ಅವರ ಬೂಷ್ಟು ಅಲ್ಲಿ ನೇತಾಡುತ್ತಿತ್ತು. ಗಾಜು, ಚಿನ್ನದ ಬಣ್ಣದ ಚೌಕಟ್ಟು.

“ಏನಯ್ಯಾ ಇದು?”

“ನಮ್ಮನ್ನ ಮರೀದೆ ಚಿತ್ರ ಬರೆದು ಕಳಿಸಿದ್ರಲ್ಲ ಸಾರ್! ಇಷ್ಟು ದಿನ ಈ ಕಲೆ ಎಲ್ಲಿ ಬಚ್ಚಿಟ್ಟಿದ್ರಿ? ಬೆಟ್ಟ, ಬೆಟ್ಟದ ಮೇಲೆ ದೊಡ್ಡ ಮರ, ಮಂಜು… ಯಾವ ಊರು ಸಾರ್?”

“ಹಿಂದೆ ಒಂದು ಹಾಳೆ ಅಂಟಿಸಿದ್ದೆ.”

“ಚೌಕಟ್ಟಿನವನು ಅದರ ಮೇಲೇ ಹಲಗೆ ಹೊಡೆದುಬಿಟ್ಟ ಸಾರ್. ಶುಭಾಶಯ ತಾನೇ?”

ಮೂಲೆಯ ಮೇಜಿನ ಗುಮಾಸ್ತೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದಳು: “ದಿನಾ ಇದನ್ನ ನೋಡ್ಕೊಂಡೇ ಊಟ ಮಾಡ್ತೀನಿ ಸಾರ್. ಎರಡು ತುತ್ತು ಜಾಸ್ತಿ ಸೇರುತ್ತೆ.”

ಸಾಹೇಬರು ಅವಳತ್ತ ತಿರುಗಿದರು. ಅನ್ನ ಅಗಿಯುವ ಆ ಬಾಯಿ, ಮೇಲೆ ಆ ಹುಣ್ಣಿನ ಹಳದಿ. ಜನರ ಹೊಗಳಿಕೆ ಇಷ್ಟು ಜಿಡ್ಡಾಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲ. “ಬೂಷ್ಟಮ್ಮಾ ಅದು! ಬೂಷ್ಟು!” ಎಂದು ಕಿರುಚಿದರು. “ಹೋಟೆಲಿನ ಉಗ್ರಾಣದ ಗೋಡೆ! ಅದೂ ತಲೆಕೆಳಗಾಗಿ ಹಾಕಿದ್ದೀರಿ!”

ಗುಮಾಸ್ತೆ ಅಗಿಯುವುದನ್ನು ನಿಲ್ಲಿಸಿದಳು. ಅಧಿಕಾರಿ ಒಮ್ಮೆ ಚಿತ್ರವನ್ನೂ ಒಮ್ಮೆ ಸಾಹೇಬರನ್ನೂ ನೋಡಿ, ಚೌಕಟ್ಟು ಇಳಿಸಲು ಕೈಯಿಟ್ಟ. “ಇರು,” ಎಂದರು ಸಾಹೇಬರು.

ಅವರು ಅದನ್ನು ಇಷ್ಟು ದೂರದಿಂದ ಯಾವತ್ತೂ ನೋಡಿರಲಿಲ್ಲ. ಓಣಿಯಲ್ಲಿ ಕೂತು, ಕಿಟಕಿಗೆ ಮೂಗು ತಾಗಿಸಿ, ಎಳೆ ಎಳೆಯಾಗಿ ಬರೆದವರಿಗೆ ಇಡೀ ಗೋಡೆ ಕಂಡಿರಲಿಲ್ಲ. ಈಗ ತಲೆಕೆಳಗಾದ ಮೇಲೆ ಅದು ನಿಜವಾಗಿಯೂ ಮರದಂತಿತ್ತು. ಕೊಂಬೆಗಳು ಮೇಲಕ್ಕೆ ಹರಡಿದ್ದವು. ಎಲ್ಲ ಕೊಂಬೆಯೂ ಒಂದೇ ಬುಡಕ್ಕೆ ಬಂದು ಸೇರುತ್ತಿತ್ತು. ಆ ಬುಡ ಕಾಗದದ ಮೂಲೆಯಲ್ಲಿ, ಅಂಚಿಗೆ ಒತ್ತಿಕೊಂಡು, ಎಲ್ಲಕ್ಕಿಂತ ಕಪ್ಪಾಗಿ ಒದ್ದೆಯಾಗಿತ್ತು. ಅವರೇ ಬರೆದದ್ದು. ಕಣ್ಣು ಕಂಡಿತ್ತು, ಕೈ ಇಳಿಸಿತ್ತು. ತಲೆಗೆ ಮಾತ್ರ ತಿಳಿದಿರಲಿಲ್ಲ.

ಗೋಡೆಯಲ್ಲಿ ಆ ಬುಡ ಎಲ್ಲಿದೆ? ಸೂರಿನ ಮೂಲೆಯಲ್ಲಿ. ಸೂರಿನ ಆ ಮೂಲೆಯ ಮೇಲೆ ಏನಿದೆ? ಮನಸ್ಸಿನಲ್ಲೇ ಓಣಿಯಿಂದ ಮೆಟ್ಟಿಲು ಹತ್ತಿ, ಮನೆಯ ಬಾಗಿಲು ತೆರೆದು, ನಡುಮನೆ ದಾಟಿ ಹೋದರು. ಹೋಗಿ ನಿಂತದ್ದು ಬಚ್ಚಲಿನ ಬೇಸಿನ್ನಿನ ಮುಂದೆ.

“ಹೋಟೆಲಿನ ಹೆಸರು ಹೇಳಿ ಸಾರ್,” ಅಧಿಕಾರಿ ಪೆನ್ನು ತೆಗೆದಿದ್ದ. “ನಾಳೆ ಬೆಳಗ್ಗೆಯೇ ಬರ್ತೀನಿ. ಇಂಥ ಗೋಡೆ ಇದ್ರೆ ಬೀಗ ಹಾಕೋದೇ.”

ಸಾಹೇಬರು ಬಾಯಿ ತೆರೆದರು. ಹೇಳದೆ ಹೋಗಬಹುದಿತ್ತು. ಆದರೆ ಇಡೀ ಜೀವನ ಇನ್ನೊಬ್ಬರ ಬಾಗಿಲು ತೆರೆಸಿದವರು. “ನಮ್ಮ ಮನೆ ಕೆಳಗೆ,” ಎಂದರು. “ಬಾ. ನೋಡೋದು ಇದೆ.”

ಮನೆಗೆ ಬಂದವರೇ ಬಟ್ಟೆ ಬದಲಿಸದೆ ಬಚ್ಚಲಿಗೆ ಹೋಗಿ, ಮಂಡಿಯೂರಿ, ಬೇಸಿನ್ನಿನ ಕೆಳಗೆ ತಲೆ ತೂರಿಸಿದರು. ಪೈಪು ಗೋಡೆಯೊಳಗೆ ಇಳಿಯುವ ಕೂಡಿಕೆಯಲ್ಲಿ ಲೋಳೆ ಕಟ್ಟಿತ್ತು. ಬೆರಳು ಹಾಕಿದರೆ ಸೋಪು, ಕೂದಲು, ಅವರದೇ ಚರ್ಮದ ಮಡ್ಡಿ, ಎಲ್ಲ ಸೇರಿ ಬೂದಿಬಣ್ಣದ ಹಿಟ್ಟಾಗಿ ಬಂತು. ಅವರು ಕೈ ತೊಳೆದಾಗಲೆಲ್ಲ ಒಂದಿಷ್ಟು ಇಲ್ಲಿ ಇಳಿದಿದೆ. ಜಗತ್ತಿನ ಹೇಸಿಗೆಯನ್ನೆಲ್ಲ ಕೈಯಿಂದ ಕಳಚಿ ಕಳಚಿ ಬಿಟ್ಟದ್ದು ಎಲ್ಲಿಗೂ ಹೋಗಿಲ್ಲ. ಕೆಳಗಿನವಳ ಅಕ್ಕಿಯ ನೆತ್ತಿಯ ಮೇಲೆ ಮರವಾಗಿ ಬೆಳೆದಿದೆ.

ಈ ಸಲದ ವಾಕರಿಕೆ ನಿಲ್ಲಲಿಲ್ಲ. ಸಾಹೇಬರು ಅಲ್ಲೇ ವಾಂತಿ ಮಾಡಿಕೊಂಡರು.

ಹೆಂಡತಿ ಬಂದು ಬೆನ್ನು ಸವರಿದಳು. ಪೈಪು ನೋಡಿದಳು, ಅವರ ಬೆರಳು ನೋಡಿದಳು. “ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ…” ಎಂದು ಗಾದೆ ಎತ್ತಿದವಳು, ಅವರ ಮುಖ ಕಂಡು ಉಳಿದರ್ಧ ನುಂಗಿಕೊಂಡಳು. “ಏಳಿ. ಕೈ ತೊಳ್ಕೊಳಿ.”

“ಎಲ್ಲಿ ತೊಳ್ಕೊಳ್ಳಲಿ?” ಎಂದರು ಸಾಹೇಬರು.

ಹೆಂಡತಿ ಚೊಂಬಿನಲ್ಲಿ ನೀರು ತಂದು, ಕೈಗೆ ಹೊಯ್ದು, ಬಕೆಟ್ಟಿನಲ್ಲಿ ಹಿಡಿದಳು.

ಮರುದಿನ ಅಧಿಕಾರಿ ಬಂದಾಗ ಸೌಟಕ್ಕ ಹೋಟೆಲಿನ ಬಾಗಿಲಿಗೆ ಅಡ್ಡ ನಿಂತಿದ್ದಳು, ಸ್ಟೀಲು ಸೌಟು ಕೈಯಲ್ಲಿ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಗಿರಾಕಿಗಳು ತಟ್ಟೆಯಿಂದ ತಲೆ ಎತ್ತಿ ಕಾಯುತ್ತಿದ್ದರು.

“ಹಾಕಿ ಬೀಗ,” ಎಂದಳು. “ಇವರ ಊಟ ಮುಗಿಯೋವರೆಗೆ ತಡೀರಿ, ಅಷ್ಟೇ.”

“ಬೀಗ ಬೇಡ,” ಎಂದರು ಹಿಂದಿನಿಂದ ಬಂದ ಸಾಹೇಬರು. ಉಗ್ರಾಣದಲ್ಲಿ ನಿಂತು, ಸೂರಿನ ಮೂಲೆ ತೋರಿಸಿ, ಗಿರಾಕಿಗಳಿಗೂ ಕೇಳುವ ಹಾಗೆ ಹೇಳಿದರು: “ಇದು ನನ್ನ ಬಚ್ಚಲ ನೀರು. ಈ ಹೇಸಿಗೆ ನನ್ನದು. ಬರೆದುಕೊಳ್ಳಯ್ಯಾ.”

ಅಧಿಕಾರಿ ತೆಗೆದ ಪೆನ್ನನ್ನು ಮತ್ತೆ ಜೇಬಿಗೇ ಇಟ್ಟ. ಸೌಟಕ್ಕ ಕುಣಿಯಲಿಲ್ಲ, ನಗಲಿಲ್ಲ. ಅವರನ್ನು ಒಂದು ಗಳಿಗೆ ನೋಡಿ, “ಬೇಳೆ ತಳ ಹಿಡೀತಿದೆ,” ಎಂದು ಒಲೆಗೆ ಹೋದಳು.

ಹೊರಗೆ ಬಂದು ಅಧಿಕಾರಿ ಮೆಲ್ಲನೆ ಕೇಳಿದ: “ಹಾಗಾದ್ರೆ ಆ ಚಿತ್ರ, ಸಾರ್?”

“ಇಟ್ಕೋ. ತಿರುಗಿಸಿ ಹಾಕು. ಊಟ ಮಾಡೋರು ಎದುರಿಗೆ ಕೂತ್ಕೋಬಾರದು.”

ಪ್ಲಂಬರ್ ಬಂದು ಕೂಡಿಕೆ ಬದಲಿಸಿದ. ಗೋಡೆ ಮೆಲ್ಲಗೆ ಒಣಗಿತು. ಬೂಷ್ಟು ಪುಡಿಯಾಗಿ ಉದುರಿತು, ಅದರ ಮೇಲೆ ಸಾಹೇಬರ ಖರ್ಚಿನಲ್ಲಿ ಹೊಸ ಗಾರೆ, ಹೊಸ ಸುಣ್ಣ ಬಂತು. ಆ ಬಿಳಿ ಗೋಡೆಯ ಮುಂದೆ ಸಾಹೇಬರು ನಿಂತಾಗ ಅವರಿಗೆ ನೆಮ್ಮದಿಯಾಗಲಿಲ್ಲ. ಹೊಟ್ಟೆ ಹಸಿದಂತಾಯಿತು.

“ಗುಲಾಬಿ ಬರೀರಿ,” ಎಂದು ಹೆಂಡತಿ ಒಂದು ಗುಲಾಬಿ ತಂದು ಲೋಟದಲ್ಲಿಟ್ಟಳು. ಬರೆದರು. ಸೋಪಿನ ಹೊದಿಕೆಯ ಮೇಲಿನ ಹೂವಿನಂತೆ ಬಂತು. ಛೀ, ಎಂದು ಹರಿದರು. ಲೋಟ ಅಲ್ಲೇ ಉಳಿಯಿತು. ದಿನ ಕಳೆದು ಹೂವು ಬಾಗಿತು, ಎಸಳ ಅಂಚು ಕಂದಾಯಿತು, ನೀರು ನಾರಿತು, ಕಾಂಡದ ಸುತ್ತ ಲೋಳೆ ಬೆಳೆಯಿತು. ಆಗ ಸಾಹೇಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮೂಗು ಮುರಿದೇ ಇತ್ತು, ಕೈ ನಡೆಯುತ್ತಿತ್ತು. ಹೇಸಿಗೆ ಹೋಗಿರಲಿಲ್ಲ. ಅದು ಹೋಗಬೇಕಾದ್ದೇ ಅಲ್ಲ ಎಂದು ಅವರಿಗೆ ಈಗ ತಿಳಿಯುತ್ತಿತ್ತು. ಬೇರೆಯವರಿಗೆ ದೇವರು ಪ್ರೀತಿಯಿಂದ ಕಣ್ಣು ತೆರೆಸುತ್ತಾನೆ, ಇವರಿಗೆ ವಾಕರಿಕೆಯಿಂದ ತೆರೆಸಿದ್ದ. ಅದು ತಡವಾಗಿ ಅರ್ಥವಾಯಿತು, ಅಷ್ಟೇ.

ಬೀರುವಿನಿಂದ ಸೌಟು ತೆಗೆದದ್ದು ಅದಾದ ಮೇಲೆ. ಇಷ್ಟು ಕಾಲ ಯಾಕೆ ಸುಡಲಿಲ್ಲವೆಂದು ಈಗ ಕೇಳಿಕೊಳ್ಳಬೇಕಾಗಿರಲಿಲ್ಲ. ಮೊಹರು ಒಡೆದು, ಚೀಲದಿಂದ ಹೊರಗೆಳೆದು, ಮೇಜಿನ ಮೇಲಿಟ್ಟು, ಆ ಬಿರುಕಿನ ಕಪ್ಪು ಹಸಿರನ್ನು ಬರೆದರು. ಹಿಡಿಯ ಹತ್ತಿರ ಮರ ಸವೆದು ತಗ್ಗಾಗಿತ್ತು, ಹೆಬ್ಬೆರಳು ಕೂರುವಷ್ಟು. ಅಲ್ಲಿ ಕೊಳೆಯಿರಲಿಲ್ಲ. ಅಲ್ಲಿನ ಬಣ್ಣಕ್ಕೆ ಎಷ್ಟು ಬೆರೆಸಿದರೂ ಹೇಸಿಗೆ ಬರಲಿಲ್ಲ. ಅದನ್ನು ಮಾತ್ರ ಅವರಿಗೆ ಬರೆಯಲಾಗಲಿಲ್ಲ. ಆ ಜಾಗವನ್ನು ಬಿಳಿಯಾಗಿಯೇ ಬಿಟ್ಟರು.

ಸೌಟನ್ನು ತೊಳೆಯಬೇಕೆಂದು ನಲ್ಲಿಯವರೆಗೆ ಹೋದವರು ನಿಂತರು. ತೊಳೆಯುವುದು ತಮ್ಮ ಹಕ್ಕಲ್ಲ ಎನಿಸಿತು. ಹಾಗೆಯೇ ಹಿಡಿದುಕೊಂಡು ಕೆಳಗಿಳಿದರು.

ಊಟದ ಹೊತ್ತು. ಸೌಟಕ್ಕ ಬೆನ್ನು ತಿರುಗಿಸಿ ಒಲೆಯ ಮುಂದಿದ್ದಳು. ನೆಲ ಜಿಡ್ಡಾಗಿತ್ತು, ಯಾರೋ ಸೀನಿದರು, ಒಂದು ನೊಣ ಲೋಟದ ಅಂಚಿನಲ್ಲಿ ನಡೆಯುತ್ತಿತ್ತು. ಸಾಹೇಬರು ಛೀ ಎನ್ನುವುದನ್ನು ಹಲ್ಲಿನ ಹಿಂದೆಯೇ ಹಿಡಿದು, ಬೆಂಚುಗಳ ನಡುವೆ ದಾಟಿ, ಅವಳ ಪಕ್ಕದ ಕಟ್ಟೆಯ ಮೇಲೆ ಸೌಟನ್ನು ಇಟ್ಟರು.

ಸೌಟಕ್ಕ ಓರೆಗಣ್ಣಲ್ಲಿ ಕಂಡಳು. ಸ್ಟೀಲಿನದನ್ನು ಬದಿಗಿಟ್ಟಳು. ಕುದಿಯುವ ನೀರಿನ ಪಾತ್ರೆಯ ಮುಚ್ಚಳ ತೆಗೆದು, ಮರದ ಸೌಟನ್ನು ಅದರೊಳಗೆ ಅದ್ದಿ ಹಿಡಿದಳು. ಬಿರುಕಿನಿಂದ ಹಸಿರು ಎಳೆಯೆಳೆಯಾಗಿ ಬಿಟ್ಟುಕೊಂಡು ಕರಗಿತು. ಸಾಹೇಬರು ಅದು ಪೂರ್ತಿ ಹೋಗುವವರೆಗೆ ನೋಡಿದರು.

ಆಮೇಲೆ ಅವಳು ಅದನ್ನು ಹೊರತೆಗೆದು, ಒಮ್ಮೆ ಝಾಡಿಸಿ, ಸವೆದ ತಗ್ಗಿನಲ್ಲಿ ಹೆಬ್ಬೆರಳು ಕೂರಿಸಿ, ಎತ್ತಿ, ಸಾಹೇಬರಿಗೆ ಖಾಲಿಯಿದ್ದ ಒಂದು ಬೆಂಚನ್ನು ತೋರಿಸಿದಳು.